ಹಳೆಯ ಟ್ರ್ಯಾಕ್ಟರ್, ಕಲ್ಲು ಹೊಲ ಮತ್ತು ನೀತಿಯ ಮೌನ

ಬಯಲುಸೀಮೆಯ ಯಾವುದೇ ತಾಲ್ಲೂಕು ಕೇಂದ್ರದ ಹೊರವಲಯದಲ್ಲಿ ಯುಗಾದಿಯ ಹೊತ್ತಿಗೆ ಒಮ್ಮೆ ಸುತ್ತಿ ಬಂದರೆ, ಹೊಸದಾಗಿ ಬಣ್ಣ ಬಳಿಸಿಕೊಂಡ ಹಳೆಯ ಟ್ರ್ಯಾಕ್ಟರ್‌ಗಳು ರಸ್ತೆಬದಿಯ ಖಾಲಿ ನಿವೇಶನಗಳಲ್ಲಿ ಸಾಲಾಗಿ ನಿಂತಿರುವ ದೃಶ್ಯ ಕಾಣುತ್ತದೆ. ಮುಂಗಾರಿಗೆ ಮುನ್ನ ಅವುಗಳ ಸುತ್ತ ರೈತರು ನೆರೆದಿರುತ್ತಾರೆ. ಒಬ್ಬ ಚಕ್ರವನ್ನು ಕಾಲಿನಿಂದ ಒದ್ದು ನೋಡುತ್ತಾನೆ. ಇನ್ನೊಬ್ಬ ಬಾನೆಟ್ ಎತ್ತಿ ಇಣುಕುತ್ತಾನೆ. ದಲ್ಲಾಳಿ ಎಂಜಿನ್ ಚಾಲು ಮಾಡಿ ಸದ್ದು ಕೇಳಿಸುತ್ತಾನೆ. ಒಂದೆರಡು ಗಂಟೆಗಳ ಈ ಪರೀಕ್ಷೆಯ ಆಧಾರದ ಮೇಲೆ ಒಂದು ಕುಟುಂಬ ತನ್ನ ಹಲವು ವರ್ಷಗಳ ಉಳಿತಾಯವನ್ನೂ, ಅದಕ್ಕೆ ಮೀರಿದ ಸಾಲವನ್ನೂ ಪಣಕ್ಕಿಡುತ್ತದೆ. ಕೃಷಿ ಯಾಂತ್ರೀಕರಣದ ಬಗ್ಗೆ ವಿಚಾರ ಸಂಕಿರಣಗಳಲ್ಲಿ ನಡೆಯುವ ಚರ್ಚೆಗಳಲ್ಲಿ ಈ ದೃಶ್ಯಕ್ಕೆ ಸ್ಥಾನವೇ ಇಲ್ಲ. ಆದರೆ ಸಣ್ಣ ರೈತನ ಪಾಲಿಗೆ ಯಾಂತ್ರೀಕರಣವೆಂದರೆ ಬಹುಮಟ್ಟಿಗೆ ಇದೇ.

ಈ ಮಾರುಕಟ್ಟೆ ಏಕೆ ಬೆಳೆಯಿತೆಂಬುದನ್ನು ಅರಿಯುವುದು ಕಷ್ಟವಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಹಿಡುವಳಿಯ ಸರಾಸರಿ ವಿಸ್ತೀರ್ಣ 1.36 ಹೆಕ್ಟೇರ್, ಅಂದರೆ ಸುಮಾರು 3.4 ಎಕರೆ. ಇಷ್ಟು ನೆಲಕ್ಕಾಗಿ ಒಂದು ಜೋಡಿ ಎತ್ತನ್ನು ವರ್ಷವಿಡೀ ಮೇಯಿಸುವುದು ಈಗ ಹೆಚ್ಚಿನವರಿಗೆ ಎಟುಕುವುದಿಲ್ಲ. ಗೋಮಾಳಗಳು ಕರಗಿವೆ, ಮೇವಿನ ಬೆಲೆ ಏರಿದೆ, ದನ ಕಾಯುವ ಹುಡುಗರು ಶಾಲೆಗೆ ಹೋಗುತ್ತಿದ್ದಾರೆ. ಕೊನೆಯದಂತೂ ಸಂತೋಷಪಡಬೇಕಾದ ಸಂಗತಿಯೇ. ಅಮೃತಮಹಲ್, ಹಳ್ಳಿಕಾರ್‌ನಂಥ ಹೆಸರಾಂತ ದುಡಿಮೆ ತಳಿಗಳ ನಾಡಿನಲ್ಲೇ ನೊಗ ಅಟ್ಟ ಸೇರಿದೆ. ಇತ್ತ ದೇಶದಲ್ಲಿ ಮಾರಾಟವಾಗುವ ಹೊಸ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚಿನವು 31ರಿಂದ 50 ಅಶ್ವಶಕ್ತಿಯವು. ಮೂರು ಎಕರೆಯ, ಬದು ತುಂಬಿದ, ಕಲ್ಲು ಚಾಚಿದ ಹೊಲದಲ್ಲಿ ಅಂಥ ಯಂತ್ರ ತಿರುಗಲು ಜಾಗ ಸಾಲದು. ಕೊಳ್ಳಲು ಹಣವೂ ಸಾಲದು. ಹಾಗಾಗಿ 15ರಿಂದ 25 ಅಶ್ವಶಕ್ತಿಯ, ಎರಡು ಮೂರು ಕೈ ಬದಲಾದ ಸಣ್ಣ ಟ್ರ್ಯಾಕ್ಟರ್ ರೈತನ ಕಣ್ಣಿಗೆ ಬೀಳುತ್ತದೆ.

ವಿಪರ್ಯಾಸವೆಂದರೆ, ಸರ್ಕಾರದ ಕಣ್ಣಿಗೆ ಅದು ಬೀಳುವುದಿಲ್ಲ. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನವಾಗಲಿ, ರಾಜ್ಯದ ಸಹಾಯಧನ ಯೋಜನೆಗಳಾಗಲಿ ಹೊಸ ಯಂತ್ರವನ್ನು ಕುರಿತವು. ಹೊಸ ಟ್ರ್ಯಾಕ್ಟರ್ ಮಾದರಿಗಳನ್ನು ಪರೀಕ್ಷಿಸಲು ಮಧ್ಯಪ್ರದೇಶದ ಬುದ್ನಿಯಲ್ಲಿ 1955ರಿಂದಲೇ ಕೇಂದ್ರ ಸರ್ಕಾರದ ಸಂಸ್ಥೆಯೊಂದಿದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಇವೆಲ್ಲ ಸ್ವಾಗತಾರ್ಹ. ಆದರೆ ಹಳೆಯ ಟ್ರ್ಯಾಕ್ಟರ್ ಕೊಳ್ಳುವವನಿಗೆ ಪರೀಕ್ಷೆಯ ವರದಿ ಇಲ್ಲ, ಸಹಾಯಧನ ಇಲ್ಲ. ಕಡಿಮೆ ಬಡ್ಡಿಯ ಸಾಲ ಸಿಗುವುದೂ ಅಪರೂಪ. ಯೋಜನೆಗಳ ಫಲಾನುಭವಿ ಐದು ಹತ್ತು ವರ್ಷ ಬಳಸಿ ಮಾರಿದ ಯಂತ್ರವನ್ನು ಯೋಜನೆ ಮುಟ್ಟದ ರೈತ ಕೊಳ್ಳುತ್ತಾನೆ. ನೀತಿಯ ಸರಪಳಿ ಮೊದಲ ಕೊಂಡಿಯಲ್ಲೇ ನಿಂತುಬಿಡುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಮಾರುಕಟ್ಟೆಯ ರೋಗ ಹೊಸದೇನೂ ಅಲ್ಲ. ಅಮೆರಿಕದ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಎತ್ತಿಕೊಂಡ ಉದಾಹರಣೆಯೇ ಹಳೆಯ ಕಾರುಗಳ ವ್ಯಾಪಾರ. ವಾಹನದ ನಿಜಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಮೋಸ ಹೋಗುವ ಭಯದಿಂದ ಕೊಳ್ಳುವವನು ಎಲ್ಲದಕ್ಕೂ ಸರಾಸರಿ ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯ ವಾಹನದ ಮಾಲೀಕ ಮಾರಲು ಒಪ್ಪುವುದಿಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಕೆಟ್ಟವೇ. ಈ ಚಿಂತನೆಗಾಗಿ ಅವರು 2001ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪುರಸ್ಕಾರ ಹಂಚಿಕೊಂಡರು. ನಮ್ಮ ತಾಲ್ಲೂಕು ಕೇಂದ್ರದ ಟ್ರ್ಯಾಕ್ಟರ್ ಅಡ್ಡೆಯಲ್ಲಿ ನಡೆಯುವುದೂ ಇದೇ. ಇದಕ್ಕೆ ಮದ್ದು ಬೆಲೆ ನಿಯಂತ್ರಣವಲ್ಲ, ಮಾಹಿತಿ.

ಆ ಮಾಹಿತಿಯನ್ನು ಪಡೆಯುವುದು ಅಂಥ ದುಬಾರಿಯೂ ಅಲ್ಲ. ಬಣ್ಣವನ್ನೂ ಗಂಟೆ ತೋರುವ ಮೀಟರನ್ನೂ ನಂಬುವಂತಿಲ್ಲ, ಎರಡನ್ನೂ ಬದಲಿಸಬಹುದು. ಕ್ಲಚ್ ಮತ್ತು ಬ್ರೇಕ್ ಪೆಡಲ್‌ಗಳ ಸವೆತ ಮಾತ್ರ ಸುಲಭವಾಗಿ ಸುಳ್ಳು ಹೇಳದು. ಎಂಜಿನ್ ಬಿಸಿಯಾಗುವ ಮುನ್ನ, ತಣ್ಣಗಿರುವಾಗಲೇ ಚಾಲು ಮಾಡಿ ನೋಡಬೇಕು. ಎಂಜಿನ್ನಿನ ಉಸಿರುಗೊಳವೆಯಿಂದ ಹೊಗೆ ಒತ್ತರಿಸಿ ಬರುತ್ತಿದ್ದರೆ ಪಿಸ್ಟನ್ ರಿಂಗು ಸವೆದಿದೆಯೆಂದೇ ಅರ್ಥ. ಲಿಫ್ಟಿನ ಮೇಲೆ ಕಲ್ಟಿವೇಟರ್ ಎತ್ತಿ, ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಕಾಯಬೇಕು. ಅದು ಬೇಗನೆ ಕೆಳಗಿಳಿದರೆ ಹೈಡ್ರಾಲಿಕ್ ರಿಪೇರಿಯ ಖರ್ಚು ಕಾದಿದೆ. ಮುಂದಿನ ಚಕ್ರವನ್ನು ಜಾಕ್ ಮೇಲೆತ್ತಿ ಅಲುಗಿಸಿದರೆ ಕಿಂಗ್‌ಪಿನ್ ಮತ್ತು ಬೇರಿಂಗಿನ ಸ್ಥಿತಿ ತಿಳಿಯುತ್ತದೆ. ಕಲ್ಲು ಹೊಲದಲ್ಲಿ ದುಡಿದ ಯಂತ್ರದ ಮೊದಲ ಪೆಟ್ಟು ಬೀಳುವುದೇ ಅಲ್ಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಬಿಡಿಭಾಗ. ಎಚ್‌ಎಂಟಿಯಂಥ ಸಾರ್ವಜನಿಕ ಸಂಸ್ಥೆಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲೇ ಒಪ್ಪಿತು. ಉತ್ಪಾದನೆ ನಿಂತ ಯಾವುದೇ ಮಾದರಿಯನ್ನು ಕೊಳ್ಳುವ ಮುನ್ನ, ಅದರ ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೇ, ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಇದ್ದಾನೆಯೇ ಎಂದು ವಿಚಾರಿಸುವುದು ಎಂಜಿನ್ನಿನ ಸದ್ದು ಕೇಳುವುದಕ್ಕಿಂತ ಹೆಚ್ಚು ಉಪಯುಕ್ತ.

ಯಂತ್ರ ಮನೆಗೆ ಬಂದ ಮಾತ್ರಕ್ಕೆ ಹೊಲಕ್ಕೆ ಸಿದ್ಧವಾಯಿತೆಂದಲ್ಲ. ಚಿತ್ರದುರ್ಗ, ಪಾವಗಡ, ಕೋಲಾರದ ಕಡೆಯ ಗರಸು ಮಿಶ್ರಿತ ಕೆಂಪು ನೆಲ ತನ್ನದೇ ಆದ ಶರತ್ತುಗಳನ್ನು ವಿಧಿಸುತ್ತದೆ. ಒಂಬತ್ತು ಗುಳದ ಕಲ್ಟಿವೇಟರನ್ನು ಸಣ್ಣ ಟ್ರ್ಯಾಕ್ಟರಿಗೆ ಕಟ್ಟಿದರೆ ಅದು ನೆಲ ಉಳುವುದಿಲ್ಲ, ಕೆರೆಯುತ್ತದೆ. ಐದು ಗುಳದ್ದೇ ಅದರ ಶಕ್ತಿಗೆ ಒಗ್ಗುವಂಥದ್ದು. ಅದೂ ಸ್ಪ್ರಿಂಗ್ ಇರುವಂಥದ್ದು ಬೇಕು. ನೆಲದೊಳಗಿನ ಬಂಡೆಗೆ ತಗುಲಿದಾಗ ಸ್ಪ್ರಿಂಗಿನ ಗುಳ ಹಿಂದಕ್ಕೆ ಬಾಗಿ, ದಾಟಿದ ಮೇಲೆ ಸ್ವಸ್ಥಾನಕ್ಕೆ ಮರಳುತ್ತದೆ. ಬಿಗಿಯಾಗಿ ಕೂರಿಸಿದ ಗುಳ ಮುರಿಯುತ್ತದೆ ಅಥವಾ ಪೆಟ್ಟನ್ನು ಟ್ರ್ಯಾಕ್ಟರಿನ ಬೆನ್ನಿಗೆ ದಾಟಿಸುತ್ತದೆ. ಇತ್ತೀಚೆಗೆ ಎಲ್ಲರೂ ಮುಗಿಬೀಳುವ ರೋಟಾವೇಟರ್ ಈ ನೆಲಕ್ಕೆ ಹೇಳಿಸಿದ್ದಲ್ಲ. ಕಲ್ಲಿಗೆ ಬಡಿದು ಅದರ ಬ್ಲೇಡುಗಳು ಬೇಗ ಹಾಳಾಗುತ್ತವೆ. ಜೊತೆಗೆ ಮಣ್ಣು ಹಿಟ್ಟಾಗಿ, ಮೊದಲ ಬಿರುಮಳೆಗೇ ಮೇಲ್ಪದರ ಹೆಪ್ಪುಗಟ್ಟಿ, ರಾಗಿಯ ಮೊಳಕೆ ಮೇಲೇಳಲಾರದೆ ಒಳಗೇ ಕಮರುತ್ತದೆ. ನೋಡಲು ಅಂದವಾದ ಹೊಲ ಬೆಳೆಗೆ ಹದವಾದ ಹೊಲವೇ ಆಗಿರಬೇಕೆಂದಿಲ್ಲ.

ತೂಕದ ಪ್ರಶ್ನೆಯೂ ಹಗುರವಾದುದಲ್ಲ. ಹಿಂದೆ ಭಾರದ ಉಪಕರಣ ಎತ್ತಿದಾಗ ಮುಂಭಾಗ ಹಗುರಾಗುತ್ತದೆ. ಒಟ್ಟು ತೂಕದ ಐದನೇ ಒಂದು ಪಾಲಾದರೂ ಮುಂದಿನ ಚಕ್ರಗಳ ಮೇಲೆ ಇರದಿದ್ದರೆ ಸ್ಟಿಯರಿಂಗ್ ಚಾಲಕನ ಮಾತು ಕೇಳುವುದಿಲ್ಲ. ಮುಂದೆ ಕಬ್ಬಿಣದ ಭಾರ ತೂಗುಹಾಕುವುದು, ಹಿಂದಿನ ಟೈರುಗಳಿಗೆ ಮುಕ್ಕಾಲು ಭಾಗದಷ್ಟು ನೀರು ತುಂಬಿಸುವುದು, ಸಾಧ್ಯವಿದ್ದಲ್ಲಿ ಹಿಂದಿನ ಚಕ್ರಗಳ ನಡುವಿನ ಅಂತರವನ್ನು ಹಿಗ್ಗಿಸುವುದು ಅಲ್ಪ ವೆಚ್ಚದ ಕೆಲಸಗಳು. ಉಬ್ಬುತಗ್ಗಿನ ನೆಲದಲ್ಲಿ ಟ್ರ್ಯಾಕ್ಟರನ್ನು ನೆಲಕ್ಕೆ ಅಂಟಿಸಿಡುವುದು ಇವೇ. ಹಳೆಯ ಟ್ರ್ಯಾಕ್ಟರ್ ಮಾರುವವರಲ್ಲಿ ಹೆಚ್ಚಿನವರು ಮುಂದಿನ ಭಾರವನ್ನು ಬಿಚ್ಚಿಟ್ಟುಕೊಂಡಿರುತ್ತಾರೆ. ಕೊಳ್ಳುವವನು ಅದನ್ನು ಕೇಳುವುದೂ ಇಲ್ಲ.

ಇಳಿಜಾರಿನ ಹೊಲದಲ್ಲಿ ಇನ್ನೂ ಒಂದು ಇಕ್ಕಟ್ಟಿದೆ. ಮಣ್ಣು ಉಳಿಯಬೇಕಾದರೆ ಇಳಿಜಾರಿಗೆ ಅಡ್ಡಲಾಗಿ ಉಳಬೇಕು ಎಂಬುದು ಜಲಾನಯನ ಅಭಿವೃದ್ಧಿಯ ಮೊದಲ ಪಾಠ. ಚಾಲಕ ಉಳಿಯಬೇಕಾದರೆ ಕಡಿದಾದ ಇಳಿಜಾರಿನಲ್ಲಿ ಅಡ್ಡಲಾಗಿ ಹೋಗಬಾರದು ಎಂಬುದು ಟ್ರ್ಯಾಕ್ಟರ್ ಸುರಕ್ಷತೆಯ ಮೊದಲ ಪಾಠ. ಎತ್ತಿನ ನೇಗಿಲಿಗೆ ಈ ಇಕ್ಕಟ್ಟಿರಲಿಲ್ಲ. ಇದರಿಂದ ಪಾರಾಗುವ ಪ್ರಾಮಾಣಿಕ ದಾರಿ ಒಂದೇ. ಇಳಿಜಾರು ಕಡಿಮೆಯಿರುವ ಕಡೆ ಬದುವಿಗೆ ಸಮಾನಾಂತರವಾಗಿ, ನಿಧಾನಗತಿಯಲ್ಲಿ ಅಡ್ಡ ಉಳುಮೆ. ಕಡಿದಾದ ತುಂಡಿಗೆ ಟ್ರ್ಯಾಕ್ಟರ್ ಇಳಿಸದೆ ಹುಣಸೆ, ಮಾವು, ಸೀತಾಫಲ ಅಥವಾ ಮೇವಿನ ಹುಲ್ಲು. ಬದಲಿಗೆ ನಡೆಯುತ್ತಿರುವುದೇನು? ತಿರುಗಿಸಲು ಅನುಕೂಲವೆಂದು ಬದುಗಳನ್ನೇ ಒಡೆದು ಹಾಕಲಾಗುತ್ತಿದೆ. ಸಾರ್ವಜನಿಕ ಹಣದಲ್ಲಿ ಒಂದು ಇಲಾಖೆ ಕಟ್ಟಿಸಿದ ಬದುವನ್ನು, ಇನ್ನೊಂದು ಯೋಜನೆಯ ಸಹಾಯಧನದಲ್ಲಿ ಬಂದ ಯಂತ್ರ ನೆಲಸಮ ಮಾಡುತ್ತದೆ.

ನಾನು ಉಪವಿಭಾಗಾಧಿಕಾರಿಯಾಗಿದ್ದಾಗ ಕಂಡ ಒಂದು ಪ್ರಕರಣ ಇಂದಿಗೂ ಮನಸ್ಸಿನಿಂದ ಮರೆಯಾಗಿಲ್ಲ. ನಾಲ್ಕು ಎಕರೆಯ ರೈತನೊಬ್ಬ ಹೊಲದ ನಡುವಿನ ಮರದ ಬೊಡ್ಡೆಯನ್ನು ಕೀಳಲು, ತಾನು ಆಗಷ್ಟೇ ಕೊಂಡಿದ್ದ ಹಳೆಯ ಟ್ರ್ಯಾಕ್ಟರಿನ ಹಿಂಬದಿಯ ಮೇಲಿನ ಕೊಂಡಿಗೆ ಸರಪಳಿ ಬಿಗಿದಿದ್ದ. ಬೊಡ್ಡೆ ಅಲುಗಲಿಲ್ಲ, ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದಿತು. ಭಾರವನ್ನು ಹಿಂದಿನ ಆಕ್ಸೆಲಿಗಿಂತ ಕೆಳಗಿರುವ ಡ್ರಾಬಾರಿಗೆ ಕಟ್ಟಿ ಎಳೆದರೆ ಇಂಥದು ಸುಲಭವಾಗಿ ಸಂಭವಿಸದು. ಮೇಲಕ್ಕೆ ಕಟ್ಟಿದರೆ ಕ್ಲಚ್ ಒತ್ತಲೂ ವೇಳೆ ಸಿಗದಂತೆ ಯಂತ್ರ ಹಿಮ್ಮುಖವಾಗಿ ಮಗುಚುತ್ತದೆ. ಆತ ಅಡಿಯಲ್ಲಿ ಸಿಕ್ಕಿ ಸ್ಥಳದಲ್ಲೇ ಸತ್ತ. ತಿಂಗಳೊಂದರ ನಂತರ ಆತನ ಹೆಂಡತಿ ಅರ್ಜಿ ಹಿಡಿದು ಕಚೇರಿಗೆ ಬಂದಳು. ಜೊತೆಗಿದ್ದ ಆರ್‌.ಸಿ. ಪುಸ್ತಕದಲ್ಲಿದ್ದುದು ಬೇರೆ ಜಿಲ್ಲೆಯ, ಆಕೆ ಎಂದೂ ಕಾಣದ ಮನುಷ್ಯನ ಹೆಸರು. ವಿಮೆ ಮುಗಿದು ಎರಡು ವರ್ಷವಾಗಿತ್ತು. ‘ಸಾಲ ನಮ್ಮ ಹೆಸರಲ್ಲೈತೆ, ಗಾಡಿ ಮಾತ್ರ ನಮ್ಮ ಹೆಸರಲ್ಲಿಲ್ಲ ಅಂತಾರೆ. ಅದೆಂಗೆ ಸ್ವಾಮಿ?’ ಎಂದು ಆಕೆ ಕೇಳಿದ್ದಳು. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರಗಳು ಇಲ್ಲವೆಂದಲ್ಲ. ಟ್ರ್ಯಾಕ್ಟರ್ ಮಗುಚಿದಾಗ ಚಾಲಕನ ಸುತ್ತ ಜೀವ ಉಳಿಯುವಷ್ಟು ಜಾಗ ಕಾಯುವ ಉಕ್ಕಿನ ಚೌಕಟ್ಟನ್ನು ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರ್‌ಗಳಿಗೆ ಕಡ್ಡಾಯಗೊಳಿಸಿತು. ಅಲ್ಲಿ ಮಗುಚುವಿಕೆಯಿಂದಾಗುವ ಸಾವುಗಳು ಕ್ರಮೇಣ ವಿರಳವಾದವು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2006ರಲ್ಲಿ ಆರಂಭವಾದ ಯೋಜನೆಯೊಂದು ಹಳೆಯ ಟ್ರ್ಯಾಕ್ಟರ್‌ಗಳಿಗೆ ಈ ಚೌಕಟ್ಟು ಅಳವಡಿಸುವ ವೆಚ್ಚದ ಶೇ 70ರಷ್ಟನ್ನು ರೈತರಿಗೆ ಹಿಂದಿರುಗಿಸುತ್ತ ಬಂತು. ನಮ್ಮಲ್ಲಿ ಬಿಸಿಲಿಗೆ ನೆರಳು ನೀಡುವ ತಗಡಿನ ಮೇಲ್ಛಾವಣಿಗೆ ಹಣ ಸುರಿಯುವ ರೈತ, ಅದೇ ಜಾಗದಲ್ಲಿ ಪರೀಕ್ಷೆಗೆ ಒಳಪಟ್ಟ ಚೌಕಟ್ಟು ಮತ್ತು ಸೀಟ್ ಬೆಲ್ಟ್ ಇರಬೇಕಿತ್ತೆಂಬುದನ್ನು ಯಾರಿಂದಲೂ ಕೇಳಿರುವುದಿಲ್ಲ. ಪಿ.ಟಿ.ಒ. ದಂಡದ ಕಥೆಯೂ ಹೀಗೆಯೇ. ಅದು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಪಂಚೆಯ ಅಂಚೋ ಸೀರೆಯ ಸೆರಗೋ ಸಿಕ್ಕಿದರೆ ಎಳೆದುಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಒಕ್ಕಣೆ ಯಂತ್ರಗಳ ಅಪಾಯವನ್ನು ಮನಗಂಡು ಸಂಸತ್ತು 1983ರಲ್ಲೇ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಿತು. ಆದರೆ ಹಳೆಯ ಟ್ರ್ಯಾಕ್ಟರಿನ ಕಳಚಿಹೋದ ಪಿ.ಟಿ.ಒ. ಕವಚವನ್ನು ಮರಳಿ ಹಾಕಿಸುವವರಿಲ್ಲ.

ಕಾಗದ ಪತ್ರಗಳ ವಿಚಾರದಲ್ಲಿ ರೈತರ ಉದಾಸೀನವೂ ಇದೆ, ವ್ಯವಸ್ಥೆಯ ಜಡತೆಯೂ ಇದೆ. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. 29 ಮತ್ತು 30ನೇ ನಮೂನೆಗಳು ಇರುವುದು ಇದಕ್ಕೇ. ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಪುಸ್ತಕದಲ್ಲಿದ್ದರೆ 35ನೇ ನಮೂನೆ ಬೇಕು. ಟ್ರೇಲರಿಗೆ ಪ್ರತ್ಯೇಕ ನೋಂದಣಿ. ವಾಹನಕ್ಕೆ 15 ವರ್ಷ ತುಂಬಿದ್ದರೆ ನೋಂದಣಿಯ ನವೀಕರಣ. ಇವನ್ನು ಪಾಲಿಸದಿದ್ದರೆ ಆಗುವ ನಷ್ಟ ದಂಡಕ್ಕೆ ಸೀಮಿತವಲ್ಲ. ಮಾಲೀಕ–ಚಾಲಕನ ಅಪಘಾತ ವಿಮೆಯ ಮೊತ್ತವನ್ನು 2018ರಲ್ಲಿ 15 ಲಕ್ಷ ರೂಪಾಯಿಗೆ ಏರಿಸಲಾಯಿತು. ಆದರೆ ಅದು ದಕ್ಕುವುದು ನೋಂದಾಯಿತ ಮಾಲೀಕನೇ ಚಾಲಕನಾಗಿದ್ದು, ಆತನಿಗೆ ಸೂಕ್ತ ಪರವಾನಗಿ ಇದ್ದಾಗ ಮಾತ್ರ. ಮಾರಿದವನೂ ನಿಶ್ಚಿಂತನಲ್ಲ. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅಪಘಾತ ಪರಿಹಾರದ ಹೊಣೆ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ನಂಬಿಕೆಯ ಮೇಲೆ ನಡೆಯುವ ನಮ್ಮ ಹಳ್ಳಿಯ ವ್ಯವಹಾರದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಅಪಾಯಕ್ಕೆ ದೂಡುತ್ತಿದ್ದಾರೆ.

ಇಷ್ಟೆಲ್ಲ ತೊಡಕಿರುವಾಗ ಬಾಡಿಗೆ ಯಂತ್ರವೇ ಸಾಲದೇ ಎಂಬ ಪ್ರಶ್ನೆ ಸಹಜ. ರಾಜ್ಯ ಸರ್ಕಾರ 2014-15ರಲ್ಲಿ ಹೋಬಳಿ ಮಟ್ಟದಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಕೇಂದ್ರಗಳ ಹಿಂದಿನ ತರ್ಕವೂ ಅದೇ, ಮತ್ತು ಅದು ಸರಿಯಾದ ತರ್ಕ. ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಹಳೆಯ ಸಣ್ಣ ಟ್ರ್ಯಾಕ್ಟರಿಗೆ 2 ಲಕ್ಷ, ರಿಪೇರಿ ಮತ್ತು ಉಪಕರಣಗಳಿಗೆ 60 ಸಾವಿರ ರೂಪಾಯಿ ಎಂದುಕೊಳ್ಳೋಣ. ಎಂಟು ವರ್ಷ ಬಳಸಿ 1 ಲಕ್ಷಕ್ಕೆ ಮಾರಿದರೆ ವರ್ಷಕ್ಕೆ ಸವಕಳಿ 20,000. ಸರಾಸರಿ ಬಂಡವಾಳ 1.80 ಲಕ್ಷದ ಮೇಲೆ ಶೇ 12ರ ಬಡ್ಡಿ 21,600. ವಿಮೆ, ಕೊಟ್ಟಿಗೆ ಇತ್ಯಾದಿ 6,400. ಒಟ್ಟು 48,000 ರೂಪಾಯಿ. ನಾಲ್ಕು ಎಕರೆಗೆ ವರ್ಷದಲ್ಲಿ 50 ಗಂಟೆ ಕೆಲಸವೆಂದರೆ, ಡೀಸೆಲ್ ಹಾಕುವ ಮುನ್ನವೇ ಗಂಟೆಗೆ 960 ರೂಪಾಯಿ ತಗುಲಿತು. ಅದೇ ಯಂತ್ರವನ್ನು ಐದು ಕುಟುಂಬಗಳು ಸೇರಿ 250 ಗಂಟೆ ಬಳಸಿದರೆ ಗಂಟೆಗೆ 192 ರೂಪಾಯಿ. ಒಬ್ಬನಿಗೆ ಹೊರೆಯಾದದ್ದು ಐವರಿಗೆ ಅನುಕೂಲವಾಗುತ್ತದೆ.

ಆದರೆ ಬಾಡಿಗೆಯ ತರ್ಕ ಒಂದು ಸಂಗತಿಯನ್ನು ಮರೆಯುತ್ತದೆ. ಹದ ನೋಡಿ ಹರಗು, ಬೆದೆ ನೋಡಿ ಬಿತ್ತು ಎಂಬ ಗಾದೆ ಮಳೆಯಾಶ್ರಿತ ಬೇಸಾಯದ ಸಾರ. ಮಳೆ ಬಿದ್ದ ಮೇಲೆ ಕೆಂಪು ನೆಲದಲ್ಲಿ ಬಿತ್ತನೆಯ ತೇವ ನಿಲ್ಲುವುದು ಕೆಲವೇ ದಿನ. ಆ ದಿನಗಳಲ್ಲಿ ಇಡೀ ಹೋಬಳಿಗೆ ಟ್ರ್ಯಾಕ್ಟರ್ ಬೇಕು, ಉಳಿದ ದಿನಗಳಲ್ಲಿ ಯಾರಿಗೂ ಬೇಡ. ಬಾಡಿಗೆಯವನು ಮೊದಲು ಹೋಗುವುದು ರಸ್ತೆಬದಿಯ ದೊಡ್ಡ, ಸಮತಟ್ಟಾದ ಹೊಲಕ್ಕೆ. ಒಳಗಿನ ಕಲ್ಲು ತುಂಡಿನ ಸರದಿ ಬರುವಷ್ಟರಲ್ಲಿ ಹದ ಹಾರಿರುತ್ತದೆ. ಸಣ್ಣ ರೈತ ಯಂತ್ರಕ್ಕಾಗಿ ಮಾತ್ರ ಹಣ ಕೊಡುತ್ತಿಲ್ಲ, ಸಕಾಲಕ್ಕಾಗಿ ಕೊಡುತ್ತಿದ್ದಾನೆ. ಆತನ ಆಯ್ಕೆಯನ್ನು ಪ್ರತಿಷ್ಠೆಯ ಹುಚ್ಚೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸಣ್ಣ ಟ್ರ್ಯಾಕ್ಟರ್ ಒಂದು ಎಕರೆಯನ್ನು ಒಮ್ಮೆ ಹರಗಲು ಎರಡು ಗಂಟೆ ಹಿಡಿದರೂ, ಐದು ಕುಟುಂಬಗಳ 20 ಎಕರೆ 40 ಗಂಟೆಗಳಲ್ಲಿ, ಅಂದರೆ ನಾಲ್ಕೈದು ದಿನಗಳಲ್ಲಿ ಮುಗಿಯುತ್ತದೆ. ಹೋಬಳಿಯ ಕೇಂದ್ರಕ್ಕೂ ಒಬ್ಬಂಟಿ ಮಾಲೀಕತ್ವಕ್ಕೂ ನಡುವಿನ ಈ ಅಳತೆಯೇ ನಮ್ಮ ನೆಲಕ್ಕೆ ಹೊಂದುವಂಥದ್ದು ಎಂದು ನನಗನಿಸುತ್ತದೆ. ಹಿಂದೆ ಮುಯ್ಯಾಳು ಪದ್ಧತಿಯಲ್ಲಿ ಎತ್ತುಗಳನ್ನೂ ಆಳುಗಳನ್ನೂ ಹಂಚಿಕೊಂಡವರಿಗೆ ಇದು ಅಪರಿಚಿತವೂ ಅಲ್ಲ.

ಸರ್ಕಾರ ಮಾಡಬೇಕಾದ್ದು ಹೆಚ್ಚೇನಿಲ್ಲ. ಮೊದಲನೆಯದಾಗಿ, ಪ್ರತಿ ವರ್ಷ ಮುಂಗಾರಿಗೆ ಮುನ್ನ ತಾಲ್ಲೂಕಿನಲ್ಲಿ ಹಳೆಯ ಟ್ರ್ಯಾಕ್ಟರ್‌ಗಳ ತಪಾಸಣಾ ಶಿಬಿರ ನಡೆಸಿ, ಅತ್ಯಲ್ಪ ಶುಲ್ಕಕ್ಕೆ ಒಂದು ಪುಟದ ಸ್ಥಿತಿಪತ್ರ ನೀಡಬೇಕು. ಐಟಿಐ, ಪಾಲಿಟೆಕ್ನಿಕ್‌ಗಳ ನೆರವು ಇದಕ್ಕೆ ಸಾಕು. ನಮ್ಮ ಗಡಿಗೆ ಹತ್ತಿರದ ಅನಂತಪುರದ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯೇ ಇದೆ. ಪಾವಗಡ, ಚಳ್ಳಕೆರೆಯ ಯುವಕರನ್ನು ಅಲ್ಲಿಗೆ ತರಬೇತಿಗೆ ಕಳುಹಿಸಬಹುದು. ಎರಡನೆಯದಾಗಿ, ಅದೇ ಶಿಬಿರದಲ್ಲಿ ಸಾರಿಗೆ ಇಲಾಖೆಯವರೂ ವಿಮಾ ಕಂಪನಿಯವರೂ ಕುಳಿತು ಸ್ಥಳದಲ್ಲೇ ಹೆಸರು ವರ್ಗಾವಣೆ ಮಾಡಿಕೊಡಬೇಕು. ಮೂರನೆಯದಾಗಿ, ಸಹಾಯಧನದ ಒಂದು ಸಣ್ಣ ಪಾಲನ್ನು ಹಳೆಯ ಟ್ರ್ಯಾಕ್ಟರ್‌ಗಳ ರಕ್ಷಣಾ ಚೌಕಟ್ಟು, ಪಿ.ಟಿ.ಒ. ಕವಚ, ಮುಂದಿನ ಭಾರ ಹಾಗೂ ಸ್ಪ್ರಿಂಗ್ ಕಲ್ಟಿವೇಟರಿಗೆ ಮೀಸಲಿಡಬೇಕು. ಒಂದು ಹೊಸ ಟ್ರ್ಯಾಕ್ಟರಿಗೆ ಕೊಡುವ ಸಹಾಯಧನದಲ್ಲಿ ಹಲವು ಹಳೆಯವು ಸುರಕ್ಷಿತವಾಗುತ್ತವೆ. ಕೊನೆಯದಾಗಿ, ಸ್ಥಿತಿಪತ್ರವಿರುವ ಯಂತ್ರವನ್ನು ನಾಲ್ಕೈದು ರೈತರು ಜಂಟಿಯಾಗಿ ಕೊಂಡರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಸಾಲ ನೀಡುವಂತಾಗಬೇಕು. ಹಾಗಾದಲ್ಲಿ ರೈತ ದುಬಾರಿ ಬಡ್ಡಿಯ ಖಾಸಗಿ ಸಾಲಕ್ಕೆ ಕೈಚಾಚುವುದು ತಪ್ಪುತ್ತದೆ.

ಇವುಗಳಿಗೆ ಹೊಸ ಕಾಯ್ದೆ ಬೇಕಿಲ್ಲ, ದೊಡ್ಡ ಮೊತ್ತದ ಹಣವೂ ಬೇಕಿಲ್ಲ. ಬೇಕಿರುವುದು ಹಳೆಯ ಯಂತ್ರವನ್ನೂ ಅದನ್ನು ನಂಬಿದ ರೈತನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮನಸ್ಸು. ಅಂಕಿಅಂಶಗಳಲ್ಲಿ ಹೊಸ ಟ್ರ್ಯಾಕ್ಟರ್‌ಗಳ ಮಾರಾಟ ಏರಿದಾಗ ಸಂಭ್ರಮಿಸುವ ನಾವು, ಅವು ಮುಂದೆ ಯಾರ ಹೊಲ ಸೇರುತ್ತವೆ, ಯಾವ ಸ್ಥಿತಿಯಲ್ಲಿ ಸೇರುತ್ತವೆ ಎಂದು ಕೇಳಿಕೊಳ್ಳಬೇಕಿದೆ. ಅಂದು ಕಚೇರಿಯಲ್ಲಿ ಆ ಹೆಣ್ಣುಮಗಳು ಕೇಳಿದ ಪ್ರಶ್ನೆಗೆ ಕಡತದಲ್ಲಿ ಷರಾ ಬರೆಯುವುದಷ್ಟೇ ನನಗೆ ಸಾಧ್ಯವಾಗಿತ್ತು. ಮುಂದಿನ ಮುಂಗಾರಿಗೆ ಹಳೆಯ ಟ್ರ್ಯಾಕ್ಟರ್ ಕೊಳ್ಳಲು ಹೊರಟಿರುವ ಕುಟುಂಬಕ್ಕೆ ಅದಕ್ಕಿಂತ ಉತ್ತಮವಾದ ಉತ್ತರ ಸಿಗಬೇಕು.